ಮೇಜಿನ ಮೇಲಿನ ಪುಸ್ತಕ

ಮಾರ್ಚ್ 9, 1998, ಸೋಮವಾರ

ಇವತ್ತು ಮೂರನೆಯ ಫಾರ್ಮಿನ ಮಕ್ಕಳಿಗೆ ನ್ಯೂಟನ್ನನ ಮೂರನೆಯ ನಿಯಮ ಮುಗಿಸಿದೆ. ಹತ್ತೊಂಬತ್ತು ವರ್ಷದಿಂದ ಮುಗಿಸುತ್ತಲೇ ಇದ್ದೇನೆ. ನಲವತ್ತು ನಿಮಿಷದ ಪಾಠ, ನನ್ನ ಕೈಯಲ್ಲಿ ಮೂವತ್ತೆರಡಕ್ಕೆ ಮುಗಿಯುತ್ತದೆ. "ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ..." ಎಂದು ನಾನು ದನಿ ಏರಿಸಿ ನಿಲ್ಲಿಸಬೇಕು, ಐವತ್ತೆಂಟು ಮಕ್ಕಳು "ಪ್ರತಿಕ್ರಿಯೆ" ಎಂದು ಒಟ್ಟಿಗೆ ಕೂಗಬೇಕು, ತಗಡಿನ ಮಾಡು ನಡುಗಬೇಕು. ಆಮೇಲೆ ಮೇಜಿನ ಮೇಲೆ ಒಂದು ಪುಸ್ತಕ. ಅದರ ತೂಕ ಕೆಳಕ್ಕೆ, ಅದು ಕ್ರಿಯೆ. ಮೇಜು ಮೇಲಕ್ಕೆ ತಳ್ಳುತ್ತದೆ, ಅದು ಪ್ರತಿಕ್ರಿಯೆ. ಎರಡೂ ಸಮ, ಒಂದನ್ನೊಂದು ಹೊಡೆದುಹಾಕುತ್ತವೆ, ಆದ್ದರಿಂದ ಪುಸ್ತಕ ಸುಮ್ಮನೆ ಕೂತಿರುತ್ತದೆ. ಬರೆದುಕೊಳ್ಳಿ.

ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಫೈನೆಸ್ ಎದ್ದು ನಿಂತಳು. ಉದ್ದ ಕತ್ತಿನ, ಮಾತು ಕಮ್ಮಿಯ ಹುಡುಗಿ.

"ಮೇಡಂ, ಹಾಗಾದ್ರೆ ದೋಣಿ ಹೆಂಗೆ ಹೋಗುತ್ತೆ?"

ಏನು ದೋಣಿ ಅಂದೆ.

"ಹುಟ್ಟು ನೀರನ್ನ ಹಿಂದಕ್ಕೆ ತಳ್ಳುತ್ತೆ. ನೀರು ಅಷ್ಟೇ ಜೋರಾಗಿ ಮುಂದಕ್ಕೆ ತಳ್ಳುತ್ತೆ. ಎರಡೂ ಹೊಡೆದುಹೋದ್ರೆ ನಮ್ಮಪ್ಪನ ದೋಣಿ ನಿಂತಲ್ಲೇ ನಿಂತಿರ್ಬೇಕಲ್ವಾ ಮೇಡಂ?"

ಪುಸ್ತಕದಲ್ಲಿ ದೋಣಿ ಇಲ್ಲ, ಪರೀಕ್ಷೆಯಲ್ಲೂ ಬರುವುದಿಲ್ಲ, ಕೂತ್ಕೋ ಎಂದೆ. ಕ್ಲಾಸು ನಕ್ಕಿತು. ಅವಳು ಕೂತಳು. ಗಂಟೆ ಹೊಡೆಯುವುದಕ್ಕೆ ಇನ್ನೂ ಎಂಟು ನಿಮಿಷವಿತ್ತು. ಆ ಎಂಟು ನಿಮಿಷ ಬೋರ್ಡು ಒರೆಸಿದೆ.

ಸಂಜೆ ಮರಗೆಣಸಿನ ಹಿಟ್ಟಿನ ನ್ಸಿಮ ಮುದ್ದೆ ತೊಳಸಿ, ಒಣಗಿದ ಉಸಿಪ ಮೀನು ಹುರಿದು ತಿಂದೆ. ಬೆರಳುದ್ದದ ಮೀನು, ತಲೆ ಸಮೇತ ತಿನ್ನುವುದು. ತಟ್ಟೆ ತೊಳೆಯುವಾಗಲೂ ದೋಣಿಯೇ ತಲೆಯಲ್ಲಿ.

ಮಾರ್ಚ್ 10

ಕಾಗದದ ಮೇಲೆ ದೋಣಿ ಬರೆದೆ. ಮುಂದಕ್ಕೊಂದು ಬಾಣ, ಹಿಂದಕ್ಕೊಂದು ಬಾಣ. ಎರಡೂ ಸಮ. ಕಳೆದರೆ ಸೊನ್ನೆ. ದೋಣಿ ಹೋಗುವುದಿಲ್ಲ. ಕಿಟಕಿಯಿಂದ ನೋಡಿದರೆ ಸರೋವರದ ತುಂಬ ದೋಣಿಗಳು ಹೋಗುತ್ತಿವೆ.

ಮಾರ್ಚ್ 13, ಶುಕ್ರವಾರ

ಹೆಡ್ಮಾಸ್ಟರು ಮಕೊಕೊಲ ಕರೆಸಿ ಒಳ್ಳೆಯ ಸುದ್ದಿ ಹೇಳಿದರು. ಜೂನ್ ತಿಂಗಳಲ್ಲಿ ವಿಭಾಗದ ಕಚೇರಿಯಿಂದ ಇನ್‌ಸ್ಪೆಕ್ಟರ್ ಬರುತ್ತಾರೆ, ನನ್ನ ಪಾಠ ನೋಡುತ್ತಾರೆ. ಅವರು ಒಳ್ಳೆಯ ವರದಿ ಕೊಟ್ಟರೆ ನನ್ನ ವರ್ಗಾವಣೆಯ ಕಾಗದ ಮೇಲೇಳುತ್ತದೆ. ಮೂರು ವರ್ಷದಿಂದ ಅದು ಯಾವುದೋ ಕಡತದ ಅಡಿಯಲ್ಲಿ ಮಲಗಿದೆ.

ಜೊಂಬಾ! ಸರೋವರದಾಚೆಯ ದೊಡ್ಡ ಊರು. ಅಲ್ಲಿಯ ಹುಡುಗಿಯರ ಶಾಲೆಯಲ್ಲಿ ಫಿಸಿಕ್ಸಿಗೇ ನಾಲ್ಕು ಜನ ಇದ್ದಾರೆ. ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿಯುತ್ತಾ, "ಅಲ್ಲ ಮಾರಾಯ್ತಿ, ಈ ದೋಣಿ ಹೇಗೆ ಹೋಗುತ್ತೆ?" ಎಂದು ಯಾರನ್ನಾದರೂ ಕೇಳಬಹುದು. ಇಲ್ಲಿ ಇಡೀ ದ್ವೀಪಕ್ಕೆ ಫಿಸಿಕ್ಸ್ ಗೊತ್ತಿರುವವಳು ನಾನೊಬ್ಬಳೇ. ಹಾಗಂತ ಎಲ್ಲರೂ ನಂಬಿದ್ದಾರೆ, ನಾನೂ ಸೋಮವಾರದವರೆಗೆ ನಂಬಿದ್ದೆ.

ಗ್ರೇಶಿಯನ್‌ಗೆ ಕಾಗದ ಬರೆದೆ. ಕಾಲೇಜಿನಲ್ಲಿ ನನಗಿಂತ ಎರಡು ಮಾರ್ಕು ಹೆಚ್ಚು ತೆಗೆದುಕೊಂಡು ನನ್ನ ಹೊಟ್ಟೆ ಉರಿಸಿದವನು, ಈಗ ಜೊಂಬಾದಲ್ಲೇ ದೊಡ್ಡ ಮೇಷ್ಟ್ರು. "ನನ್ನ ವಿದ್ಯಾರ್ಥಿಯೊಬ್ಬಳು ಕೇಳಿದಳು" ಎಂದು ಬರೆದೆ. ನನಗೂ ಗೊತ್ತಿಲ್ಲ ಎಂದು ಬರೆಯಲಿಲ್ಲ. ನಾಳೆ ಹಡಗು ಬರುತ್ತದೆ, ಕೊಟ್ಟು ಕಳಿಸಬೇಕು.

ಮಾರ್ಚ್ 26

ಫೈನೆಸ್ ಈಗ ಕೈ ಎತ್ತುವುದಿಲ್ಲ. ಅಷ್ಟೇ ಆಗಿದ್ದರೆ ಸಂತೋಷಪಡುತ್ತಿದ್ದೆ. ಎಲ್ಲರೂ ಒಟ್ಟಿಗೆ ಕೂಗುವಾಗ ಅವಳ ತುಟಿ ಮುಚ್ಚಿಕೊಂಡಿರುತ್ತದೆ. ಐವತ್ತೇಳು ಬಾಯಿ ತೆರೆದಿರುವಾಗ ಮುಚ್ಚಿದ ಒಂದು ಬಾಯಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸೊಕ್ಕು. ಮೀನುಗಾರನ ಮಗಳಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತೋ.

ಏಪ್ರಿಲ್ 5, ಗರಿಗಳ ಭಾನುವಾರ

ಎಲ್ಲರ ಕೈಯಲ್ಲೂ ತಾಳೆ ಗರಿ, ಇಗರ್ಜಿಯವರೆಗೆ ಹಾಡುತ್ತಾ ಮೆರವಣಿಗೆ. ನನಗೂ ಒಂದು ಗರಿ ಕೊಟ್ಟರು. ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸರು ತಮ್ಮತಮ್ಮೊಳಗೆ ಮಾತಾಡಿಕೊಂಡರು, ನನ್ನ ಕಡೆ ತಿರುಗಿದಾಗ ಮಾತ್ರ "ಚೆನ್ನಾಗಿದ್ದೀರಾ ಮೇಡಂ" ಎಂದರು. ಮೂರು ವರ್ಷವಾದರೂ ನಾನು ಇಲ್ಲಿ "ಬಂದವಳು". ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ವರ್ಷವೇ ಇಲ್ಲಿಗೆ ಹಾಕಿದರು. ಆಗ ಜನರಿಂದ ದೂರ ಹೋದರೆ ಸಾಕು ಎನಿಸಿತ್ತು, ಸಾಕಷ್ಟು ದೂರವೇ ಸಿಕ್ಕಿತು. ಶುಕ್ರವಾರ ಶಾಲೆ ಬಿಟ್ಟ ಮೇಲೆ ಭಾನುವಾರದ ಹಾಡಿನವರೆಗೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಮೊದಲ ಸಾಲು ಹಾಡುವಾಗ ಗಂಟಲು ತುಕ್ಕು ಹಿಡಿದಂತಿರುತ್ತದೆ.

ಬಾಗಿಲ ಹತ್ತಿರ ಫೈನೆಸ್‌ಳ ಅಪ್ಪ ಕಥ್ಬರ್ಟ್ ಎದುರಾದ. ಟೋಪಿ ತೆಗೆದು, ಮೊಣಕಾಲು ಸ್ವಲ್ಪ ಬಗ್ಗಿಸಿ ಮರ್ಯಾದೆಯಿಂದಲೇ ನಮಸ್ಕರಿಸಿದ. ಆಮೇಲೆ ಕೇಳಿದ:

"ಮೇಡಂ, ನಮ್ಮ ದೋಣಿ ಹೋಗೋದು ತಪ್ಪು ಅಂತ ಪುಸ್ತಕದಲ್ಲಿ ಬರ್ದಿದೆಯಂತೆ? ಅದಕ್ಕೆ ಹೇಳಿದ್ರೆ ನಿಲ್ಲುತ್ತೇನೋ, ನಾನು ಹೇಳಿ ನೋಡ್ಲಾ?"

ಅಕ್ಕಪಕ್ಕದವರು ನಕ್ಕರು. ನಾನೂ ಹಲ್ಲು ಬಿಟ್ಟೆ. ಒಂದು ಶನಿವಾರ ಬಂದು ಕೂತು ನೋಡಿ ಮೇಡಂ ಎಂದ. ನನಗೆ ನೀರು ಕಂಡರೆ ಆಗುವುದಿಲ್ಲ ಅಂದೆ. ಸುತ್ತ ನೀರೇ ಇರುವ ಊರಲ್ಲಿ ಇದನ್ನು ಹೇಳಿದ್ದಕ್ಕೆ ಇನ್ನೊಂದು ಸಲ ನಕ್ಕರು.

ಏಪ್ರಿಲ್ 18, ಶನಿವಾರ

ಹಡಗು ಬಂತು. ಗ್ರೇಶಿಯನ್ ಬರೆದಿಲ್ಲ.

ಮೇ 16, ಶನಿವಾರ

ಬರೆದಿದ್ದಾನೆ. ಹಡಗುಕಟ್ಟೆಯಲ್ಲೇ, ಗಾಳಿಗೆ ಕಾಗದ ಹಾರದಂತೆ ಕಲ್ಲಿನ ಮೇಲೆ ಒತ್ತಿ ಹಿಡಿದು ಓದಿದೆ. ಮೊದಲೆರಡು ಪುಟ ಅವನ ಮಂಡಿ ನೋವು, ಮಗನ ಮದುವೆ. ಕೊನೆಯಲ್ಲಿ ಹೀಗಿದೆ:

"ನಿನ್ನ ಹುಡುಗಿಯ ಪ್ರಶ್ನೆ ನನ್ನನ್ನೂ ಮೂರು ಸಲ ಕೇಳಿದ್ದಾರೆ ಡೋರಿಕಾ. ಮೂರು ಸಲವೂ ಕೂತ್ಕೋ ಅಂದಿದ್ದೇನೆ. ನಿನಗೆ ಉತ್ತರ ಸಿಕ್ಕರೆ ನನಗೂ ಬರೆ. ಯಾರಿಗೂ ಹೇಳಬೇಡ."

ಎರಡು ತಿಂಗಳು ಈ ಕಾಗದಕ್ಕೆ ಕಾದೆ. ಜೊಂಬಾದಲ್ಲಿ ನಾಲ್ಕು ಜನ ಇದ್ದರೂ ನಾಲ್ವರೂ ನನ್ನ ಹಾಗೆಯೇ ಬೋರ್ಡು ಒರೆಸುತ್ತಿರಬಹುದು. ಇಷ್ಟು ಒಂಟಿತನ ಗಂಡ ಬಿಟ್ಟುಹೋದಾಗಲೂ ಆಗಿರಲಿಲ್ಲ.

ಮೇ 23, ಶನಿವಾರ

ಇವತ್ತು ನೀರಿಗೆ ಬಿದ್ದೆ. ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಎದ್ದು ಕಥ್ಬರ್ಟ್‌ನ ಕೊಲ್ಲಿಗೆ ನಡೆದೆ. ಹೋಗುವುದೋ ಬೇಡವೋ ಎಂದು ದಾರಿಯಲ್ಲಿ ಎರಡು ಸಲ ನಿಂತೆ. ಫೈನೆಸ್ ಸಂತೆಗೆ ಹೋಗಿದ್ದಳು, ಬದುಕಿದೆ ಎನಿಸಿತು. ಅವನು ಬಲೆ ಹೊಲಿಯುತ್ತಾ ಕೂತಿದ್ದ. ನನ್ನನ್ನು ನೋಡಿ ಎದ್ದು ದೋಣಿಯನ್ನು ನೀರಿಗೆ ಎಳೆದ. ಒಂದೇ ಮರ ಕೊರೆದು ಮಾಡಿದ ದೋಣಿ, ನನ್ನ ಸೊಂಟಕ್ಕಿಂತ ಅಗಲ ಕಮ್ಮಿ.

"ಕೂತ್ಕೊಳ್ಳಿ ಮೇಡಂ. ಮರ, ಕಚ್ಚಲ್ಲ."

ಕೊಲ್ಲಿಯ ಒಳಗೇ ಎರಡು ಸುತ್ತು ಹಾಕಿಸಿದ. ನಾನು ಅಂಚು ಬಿಗಿಯಾಗಿ ಹಿಡಿದುಕೊಂಡು ಹುಟ್ಟನ್ನೇ ನೋಡುತ್ತಿದ್ದೆ. ಹುಟ್ಟು ಹಿಂದೆ ಹೋದಾಗೆಲ್ಲ ನೀರು ಸುಳಿಯಾಗಿ ಹಿಂದಕ್ಕೆ ಹೋಗುತ್ತಿತ್ತು, ನಾವು ಮುಂದಕ್ಕೆ. ನೋಡಿದ್ದೇ ಬಂತು, ಏನೂ ತಿಳಿಯಲಿಲ್ಲ. ವಾಪಸ್ ಬಂದು ಬಂಡೆಯ ಪಕ್ಕಕ್ಕೆ ದೋಣಿ ನಿಲ್ಲಿಸಿದ. ನಾನು ಕಾಯಬೇಕಿತ್ತು. ಆತುರಗಾತಿ, ಎದ್ದು ಬಂಡೆಯ ಕಡೆ ಕಾಲು ಚಾಚಿ ಮೈ ಮುಂದಕ್ಕೆ ನೂಕಿದೆ. ದೋಣಿ ಹಿಂದಕ್ಕೆ ಜಾರಿತು. ನಾನು ಬಂಡೆಗೂ ದೋಣಿಗೂ ನಡುವೆ ಸೊಂಟದ ಮಟ್ಟದ ನೀರಲ್ಲಿ ಕೂತೆ.

ಮೀನು ಒಣಹಾಕುವ ಅಟ್ಟಣೆಗಳ ಹತ್ತಿರ ಹತ್ತು ಹದಿನೈದು ಹೆಂಗಸರಿದ್ದರು. ಅವರ ನಗು ಎದುರಿನ ಮೊಜಾಂಬಿಕ್ ದಡಕ್ಕೂ ಕೇಳಿಸಿರಬೇಕು. ಕಥ್ಬರ್ಟ್ ನಗಲಿಲ್ಲ. ನನ್ನ ತೋಳು ಹಿಡಿದು ಎತ್ತುತ್ತಾ ಹೇಳಿದ:

"ದೋಣೀನ ನೂಕಿದ್ರೆ ಅದು ಸುಮ್ನಿರುತ್ತಾ ಮೇಡಂ? ನೀವು ಕೊಟ್ಟ ನೂಕು ಅದಕ್ಕೆ ಬಿತ್ತು, ಅದು ಆ ಕಡೆ ಹೋಯ್ತು. ಅದು ಕೊಟ್ಟ ನೂಕು ನಿಮಗೆ ಬಿತ್ತು, ನೀವು ಈ ಕಡೆ ಬಂದ್ರಿ. ಅವರವರಿಗೆ ಬಿದ್ದದ್ದು ಅವರವರಿಗೆ."

ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆ ಕಾಲಿಗೆ ಅಂಟಿಕೊಂಡು ತಪತಪ ಅನ್ನುತ್ತಿತ್ತು, ಹಾಗೆಯೇ ಮನೆಗೆ ಹೊರಟೆ. ಬಾವೊಬಾಬ್ ಮರದ ಹತ್ತಿರ ಬಂದಾಗ ತಿಳಿಯಿತು. ಅಲ್ಲೇ ಬೇರಿನ ಮೇಲೆ ಕೂತುಬಿಟ್ಟೆ.

ಎರಡು ನೂಕೂ ಸಮವೇ. ಆದರೆ ಒಂದು ಬಿದ್ದದ್ದು ದೋಣಿಯ ಮೇಲೆ, ಇನ್ನೊಂದು ನನ್ನ ಮೇಲೆ. ಬೇರೆ ಬೇರೆಯವರ ಮೇಲೆ ಬಿದ್ದ ಎರಡು ನೂಕು ಒಂದನ್ನೊಂದು ಹೊಡೆದುಹಾಕುವುದು ಹೇಗೆ? ನಾನು ಮಗುವಿನ ಕೆನ್ನೆಗೆ ಬಾರಿಸಿದರೆ ನನ್ನ ಅಂಗೈಯೂ ಉರಿಯುತ್ತದೆ. ಅಂಗೈ ಉರಿಯಿತೆಂದು ಮಗುವಿನ ಕೆನ್ನೆಯ ನೋವು ಹೋಗುವುದಿಲ್ಲ. ಹುಟ್ಟು ತಳ್ಳಿದ್ದು ನೀರನ್ನು. ನೀರು ತಳ್ಳಿದ್ದು ಹುಟ್ಟನ್ನು, ಅದರ ಜೊತೆ ದೋಣಿಯನ್ನು. ದೋಣಿಯ ಮಟ್ಟಿಗೆ ಮುಂದಕ್ಕೆ ತಳ್ಳುವ ನೂಕು ಮಾತ್ರ ಇದೆ, ಅದನ್ನು ಹೊಡೆದುಹಾಕುವ ಜೋಡಿ ಅಲ್ಲಿಲ್ಲ. ಹೋಗದೆ ಏನು ಮಾಡುತ್ತದೆ?

ಸಂತೋಷ ಎಷ್ಟು ಹೊತ್ತಿತ್ತು? ಮನೆಯ ಬೀಗ ತೆಗೆಯುವವರೆಗೆ. ಒಳಗೆ ಬಂದರೆ ಮೇಜಿನ ಮೇಲೆ ಪುಸ್ತಕ ಇತ್ತು. ಪುಸ್ತಕದ ತೂಕ ಎಳೆಯುವುದು ಪುಸ್ತಕವನ್ನು. ಮೇಜು ತಳ್ಳುವುದೂ ಪುಸ್ತಕವನ್ನೇ. ಎರಡೂ ಒಬ್ಬರ ಮೇಲೇ. ಹಾಗಾದರೆ ಅವು ಕ್ರಿಯೆ ಪ್ರತಿಕ್ರಿಯೆ ಅಲ್ಲವೇ ಅಲ್ಲ. ಸಮವಾಗಿರುವುದು ನಿಜ, ಆದರೆ ಅದು ಈ ನಿಯಮದಿಂದ ಬಂದ ಸಮ ಅಲ್ಲ.

ಹತ್ತೊಂಬತ್ತು ವರ್ಷ. ವರ್ಷಕ್ಕೆ ಐವತ್ತು ಅರವತ್ತು ಮಕ್ಕಳು. ಅವರಲ್ಲಿ ಕೆಲವರು ಈಗ ಮೇಷ್ಟರಾಗಿದ್ದಾರೆ.

ಒದ್ದೆ ಬಟ್ಟೆಯಲ್ಲೇ ಕೂತು ಅತ್ತೆ. ಆಮೇಲೆ ನೆಗಡಿ ಆಗುತ್ತದೆಂದು ಬಟ್ಟೆ ಬದಲಾಯಿಸಿದೆ.

ಮೇ 25

ನಿಜವಾಗಿ ತಿಳಿದಿದೆಯೋ, ತಿಳಿದಂತೆ ಅನಿಸಿದೆಯೋ? ಯಾರನ್ನು ಕೇಳಲಿ? ಕ್ಲಾಸಿನಲ್ಲಿ ಫೈನೆಸ್‌ಳನ್ನು ನೋಡಿದೆ. ಇನ್‌ಸ್ಪೆಕ್ಷನ್ ಮುಗಿಯಲಿ, ಆಮೇಲೆ ಹೇಳುತ್ತೇನೆ.

ಜೂನ್ 8, ಸೋಮವಾರ

ಗುರುವಾರ ಇನ್‌ಸ್ಪೆಕ್ಟರ್. ಮೂರನೆಯ ನಿಯಮವನ್ನೇ ತೋರಿಸಿ, ಅದರ ಚಾರ್ಟು ಚೆನ್ನಾಗಿದೆ ಎಂದರು ಹೆಡ್ಮಾಸ್ಟರು. ಬೇರೆ ಪಾಠ ಮಾಡಲೇ ಎಂದು ಕೇಳಿದೆ. ಮಕ್ಕಳಿಗೆ ಇದೇ ಬಾಯಿಪಾಠ ಆಗಿದೆಯಲ್ಲ ಮೇಡಂ ಎಂದರು. ಎರಡು ಸಲ ತಾಲೀಮು ನಡೆಸಿದೆ. ಕೈ ಎತ್ತುವುದನ್ನೂ ಹೇಳಿಕೊಟ್ಟೆ. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಯಾರೂ ಸುಮ್ಮನೆ ಕೂರಬಾರದು, ಕೋಣೆಯ ತುಂಬ ಕೈ ಕಾಣಬೇಕು. ನಾನು ಬಲಗೈಯವರನ್ನು ಮಾತ್ರ ಎಬ್ಬಿಸುತ್ತೇನೆ. ನಾನು ಓದುವಾಗ ನಮ್ಮ ಮೇಷ್ಟರೂ ಇದನ್ನೇ ಮಾಡಿಸಿದ್ದರು.

ಆಮೇಲೆ ಫೈನೆಸ್‌ಳನ್ನು ಪಕ್ಕಕ್ಕೆ ಕರೆದೆ. ಗುರುವಾರ ಅತಿಥಿಗಳ ಅಡಿಗೆಗೆ ಸರೋವರದಿಂದ ನೀರು ತರಬೇಕು, ನೀನು ತರುತ್ತೀಯಾ ಎಂದೆ. ಅವಳು ನನ್ನ ಮುಖವನ್ನು ನೋಡಿದಳು. ಅವಳಿಗೆ ಅರ್ಥವಾಯಿತು.

"ಆಯ್ತು ಮೇಡಂ. ಎಷ್ಟು ಬಕೆಟ್?"

ಆರು ಎಂದೆ. ಪಾಠದ ಹೊತ್ತು ಪೂರ್ತಿ ಕಳೆಯಬೇಕಲ್ಲ.

ಜೂನ್ 11, ಗುರುವಾರ

ಇನ್‌ಸ್ಪೆಕ್ಟರ್ ದಪ್ಪನೆಯ, ನಗುಮುಖದ ಮನುಷ್ಯ. ಹಡಗಿನಲ್ಲಿ ಬರುವಾಗ ವಾಂತಿಯಾಗಿ ಸುಸ್ತಾಗಿದ್ದರೂ ಮಕ್ಕಳೊಂದಿಗೆ ತಮಾಷೆ ಮಾಡಿದರು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಪಾಠ ನೀರು ಹರಿದಂತೆ ನಡೆಯಿತು. ಮಾಡು ನಡುಗಿತು. ಪುಸ್ತಕವನ್ನು ಮಾತ್ರ ನಾನು ಮೇಜಿನ ಮೇಲೆ ಇಡಲಿಲ್ಲ. ಆ ಉದಾಹರಣೆ ಹಾರಿಸಿ, ಬಾಯಿಪಾಠದ ಪ್ರಶ್ನೆಗಳಿಗೆ ಹೋದೆ. ಹಾಗೇ ತಪ್ಪಿಸಿಕೊಂಡೆ ಎಂದುಕೊಳ್ಳುವಷ್ಟರಲ್ಲಿ ಅವರು ಎದ್ದು ಬಂದರು.

"ಮೇಡಂ, ನೀವು ಸ್ವಲ್ಪ ಕೂತ್ಕೊಳ್ಳಿ. ನಾನೂ ಒಂದು ಕಾಲದಲ್ಲಿ ಮೇಷ್ಟ್ರೇ, ಸೀಮೆಸುಣ್ಣ ಕಂಡ್ರೆ ಕೈ ಸುಮ್ನಿರಲ್ಲ."

ನಾನು ಹಿಂದಿನ ಬೆಂಚಿಗೆ ಹೋಗಿ ಖಾಲಿ ಜಾಗದಲ್ಲಿ ಕೂತೆ. ಅದು ಫೈನೆಸ್‌ಳ ಜಾಗ. ಅವರು ನನ್ನ ಮೇಜಿನ ಮೇಲೆ ಪುಸ್ತಕ ಇಟ್ಟರು. ತೂಕ ಕೆಳಕ್ಕೆ, ಕ್ರಿಯೆ. ಮೇಜು ಮೇಲಕ್ಕೆ, ಪ್ರತಿಕ್ರಿಯೆ. ಎರಡೂ ಹೊಡೆದುಹೋಗುತ್ತವೆ. ನನ್ನದೇ ಮಾತು, ನನಗಿಂತ ಚೆನ್ನಾಗಿ ಹೇಳಿದರು. ಅರ್ಥ ಆದವರು ಕೈ ಎತ್ತಿ ಎಂದರು.

ಬಲಗೈಗಳು ಎದ್ದವು. ಯಾಕೆ ಎತ್ತಿದೆನೋ ಗೊತ್ತಿಲ್ಲ, ನನ್ನ ಎಡಗೈ ಮೇಲಿತ್ತು. ಪಕ್ಕದ ಹುಡುಗಿ ಅದನ್ನು ನೋಡಿದಳು. ತನ್ನ ಬಲಗೈ ಇಳಿಸಿ ಎಡಗೈ ಎತ್ತಿದಳು. ಮುಂದಿನ ಬೆಂಚಿನವರು ತಿರುಗಿ ನೋಡಿದರು, ಅವರೂ ಕೈ ಬದಲಿಸಿದರು. ಹೀಗೆ ಬೆಂಚಿನಿಂದ ಬೆಂಚಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಇಡೀ ಕೋಣೆಯಲ್ಲಿ ಎಡಗೈಗಳೇ. ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು, ಒಂದು ಕೈ ಸೋತರೆ ಇನ್ನೊಂದು ಕೈ ಎತ್ತುವ ಮಕ್ಕಳನ್ನು ಎಲ್ಲೂ ನೋಡಿಲ್ಲ ಎಂದು ಹೆಡ್ಮಾಸ್ಟರರ ಬೆನ್ನು ತಟ್ಟಿದರು.

ಬಾಗಿಲಲ್ಲಿ ಫೈನೆಸ್ ನಿಂತಿದ್ದಳು. ತಲೆಯ ಮೇಲೆ ಬಕೆಟ್ಟು. ಕೈಗಳನ್ನೆಲ್ಲ ನೋಡಿದಳು, ಕೊನೆಗೆ ನನ್ನ ಕೈ ನೋಡಿದಳು. ನಾನು ಎದ್ದು ಮಾತಾಡಬಹುದಿತ್ತು. ಕೈ ಇಳಿಸಿದೆ, ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದೆ.

ಜೂನ್ 12

ಫೈನೆಸ್ ಬಂದಿಲ್ಲ.

ಜೂನ್ 19

ಬಂದಿಲ್ಲ. ತೆಂಕಣದಿಂದ ಬೀಸುವ ಮ್ವೆರಾ ಗಾಳಿ ಶುರುವಾಗಿದೆ. ದಿನವಿಡೀ ತಗಡು ಬಡಿದುಕೊಳ್ಳುತ್ತದೆ.

ಜುಲೈ 4, ಶನಿವಾರ

ಬಂತು! ವರ್ಗಾವಣೆ! ಸೆಪ್ಟೆಂಬರಿನಿಂದ ಜೊಂಬಾದ ಹುಡುಗಿಯರ ಶಾಲೆ. ಹೆಡ್ಮಾಸ್ಟರು ಕಾಗದ ಕೊಟ್ಟು ಅಭಿನಂದನೆ ಹೇಳಿದರು, ಮುಖ ಮಾತ್ರ ಸಪ್ಪಗಿತ್ತು. ನನ್ನ ಜಾಗಕ್ಕೆ ಯಾರೂ ಬರುವುದಿಲ್ಲವಂತೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಡಿಗೆಮನೆಯಲ್ಲಿ ಎರಡು ಹೆಜ್ಜೆ ಕುಣಿದೆ. ನಲವತ್ತಾರು ವರ್ಷದ ಹೆಂಗಸು, ಕೈಯಲ್ಲಿ ಸೌಟು. ಟ್ರಂಕು ಹೊರಗೆಳೆದು ಧೂಳು ಕೊಡವಿದೆ.

ಎರಡನೆಯ ಹಾಳೆಯನ್ನು ಆಮೇಲೆ ಓದಿದೆ. ನನ್ನ ಪಾಠ ಇನ್‌ಸ್ಪೆಕ್ಟರಿಗೆ ಬಹಳ ಹಿಡಿಸಿದೆ. ಮೇಜಿನ ಮೇಲಿನ ಪುಸ್ತಕದ ಉದಾಹರಣೆಯೊಂದಿಗೆ ಆ ಪಾಠವನ್ನು ಎರಡು ಪುಟ ಬರೆದು ಸಹಿ ಹಾಕಿ ಕಳಿಸಬೇಕಂತೆ. ಅಚ್ಚು ಹಾಕಿಸಿ ವಿಭಾಗದ ಎಲ್ಲ ಶಾಲೆಗಳಿಗೂ ಮಾದರಿ ಪಾಠವಾಗಿ ಹಂಚುತ್ತಾರೆ.

ಜುಲೈ 6

ಬರೆದೆ. ಎರಡು ಪುಟ. ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ, ಕೈಗೆ ಅಭ್ಯಾಸವಾಗಿದೆ. ಸಹಿ ಹಾಕಿಲ್ಲ.

ಜುಲೈ 8, ಬುಧವಾರ

ಶಾಲೆ ಬಿಟ್ಟ ಮೇಲೆ ಕೊಲ್ಲಿಗೆ ಹೋದೆ. ಫೈನೆಸ್ ಅಟ್ಟಣೆಯ ಮೇಲೆ ಉಸಿಪ ಹರಡುತ್ತಿದ್ದಳು. ಕೈಯೆಲ್ಲ ಬೆಳ್ಳಿಬಣ್ಣದ ಪೊರೆ. ನನ್ನನ್ನು ನೋಡಿ ಮಂಡಿ ಬಗ್ಗಿಸಿ ನಮಸ್ಕರಿಸಿದಳು, ಮತ್ತೆ ಕೆಲಸಕ್ಕೆ ಬಗ್ಗಿದಳು. ನಾನೂ ಒಂದು ಹಿಡಿ ಮೀನು ತೆಗೆದುಕೊಂಡು ಹರಡತೊಡಗಿದೆ. ಅವಳು ಬೇಡ ಎನ್ನಲಿಲ್ಲ.

ನೀನು ಅವತ್ತು ಕೇಳಿದ್ದು ಸರಿಯಾಗಿತ್ತು, ನನಗೆ ಗೊತ್ತಿರಲಿಲ್ಲ ಎಂದೆ. ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತು, ಹೊರಗೆ ಬಂದಾಗ ಪುಟ್ಟದಾಗಿ ಕೇಳಿಸಿತು.

"ಗೊತ್ತು ಮೇಡಂ. ನಿಮ್ಮ ಕೈ ನೋಡಿದ್ನಲ್ಲ."

"ಮತ್ತೆ ಯಾಕಮ್ಮ ಬರ್ತಿಲ್ಲ?"

ಅವಳು ಮೀನು ಹರಡುವುದು ನಿಲ್ಲಿಸಿದಳು.

"ಕೈ ಎತ್ತಿದ್ರಿ ಮೇಡಂ, ಬಾಯಿ ತೆಗೀಲಿಲ್ಲ. ನನಗೆ ಆರು ಬಕೆಟ್ ಹೊರಿಸಿದ್ರಿ. ಈಗ ಜೊಂಬಾಗೆ ಹೋಗ್ತೀರಂತೆ. ನಾನು ಬಂದು ಯಾರನ್ನ ಕೇಳ್ಲಿ?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ಕೇಳಿದಳು. ಯಾರನ್ನು ಕೇಳಲಿ ಎಂಬ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ಉಳಿದ ಮೀನು ಹರಡಿ ಮನೆಗೆ ಬಂದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಕೈಯ ವಾಸನೆ ಹೋಗಿಲ್ಲ.

ಜುಲೈ 11, ಶನಿವಾರ

ಎರಡು ಪುಟ ಹರಿದು ಬೇರೆ ಎರಡು ಪುಟ ಬರೆದೆ. ಇದಕ್ಕೆ ಎರಡು ಸಂಜೆ ಹಿಡಿಯಿತು. ಹತ್ತೊಂಬತ್ತು ವರ್ಷ ನಾನು ತಪ್ಪು ಕಲಿಸಿದೆ, ಆ ದಿನ ಇನ್‌ಸ್ಪೆಕ್ಟರ್ ಹೇಳಿದ್ದೂ ಅದೇ ತಪ್ಪು, ಮೇಜು ಮತ್ತು ಪುಸ್ತಕದ ಉದಾಹರಣೆಯನ್ನು ಯಾವ ಶಾಲೆಗೂ ಕಳಿಸಬಾರದು ಎಂದು ಬರೆದೆ. ದೋಣಿಯ ಚಿತ್ರ ಬರೆದೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ಹೆಸರು ಬರೆದೆ. ಸಹಿ ಹಾಕಿದೆ. ನಕಲು ಒಂದು ಗ್ರೇಶಿಯನ್‌ಗೆ.

ಕಚೇರಿಗೆ ಹೋಗುವ ಕಾಗದಕ್ಕೆ ಹೆಡ್ಮಾಸ್ಟರರ ಮುದ್ರೆ ಬೇಕು. ಮಕೊಕೊಲ ಎರಡು ಸಲ ಓದಿದರು. ಮುದ್ರೆಯನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡಿದರು. ಹಡಗು ಆಗಲೇ ಕೂಗುತ್ತಿತ್ತು.

"ಮೇಡಂ, ಇದು ಹಡಗು ಹತ್ತಿದ್ರೆ ನೀವು ಹತ್ತಲ್ಲ. ಅವರು ಒಳ್ಳೇವ್ರೇ, ಆದ್ರೆ ಇಷ್ಟು ಒಳ್ಳೇವ್ರಲ್ಲ."

"ಗೊತ್ತು ಸರ್. ಒತ್ತಿ."

ಒತ್ತಿದರು. ಹಡಗಿನವರಿಗೆ ಲಕೋಟೆ ಕೊಟ್ಟು ದಡದಲ್ಲಿ ನಿಂತೆ. ಈಗಲೂ ಕೂಗಿ ವಾಪಸ್ ಕೇಳಬಹುದು ಎನಿಸುತ್ತಿತ್ತು. ಹಡಗು ಸಣ್ಣದಾಗುವವರೆಗೂ ಹಾಗೇ ಅನಿಸುತ್ತಿತ್ತು.

ಜುಲೈ 13, ಸೋಮವಾರ

ಮಾರ್ಚ್ ಒಂಬತ್ತನೆಯ ತಾರೀಖಿನ ಪುಟ ತೆಗೆಯಿರಿ, ಅದಕ್ಕೆ ಅಡ್ಡ ಗೆರೆ ಎಳೆಯಿರಿ ಎಂದೆ. ಯಾರೂ ಎಳೆಯಲಿಲ್ಲ. ಇಲ್ಲಿಯ ಮಕ್ಕಳಿಗೆ ನೋಟ್ ಪುಸ್ತಕವೇ ಪಠ್ಯಪುಸ್ತಕ, ಅಣ್ಣನದು ತಮ್ಮನಿಗೆ ಹೋಗುತ್ತದೆ. ಬರೆಸಿದ್ದನ್ನು ಹೊಡೆದುಹಾಕಿ ಎಂದು ಯಾವ ಟೀಚರೂ ಹೇಳಿಲ್ಲ. ನಾವಾಗಿ ಏನೂ ಬರೆದಿರಲಿಲ್ಲ ಮೇಡಂ, ನೀವೇ ಹೇಳಿದ್ದು ಎಂದು ಒಬ್ಬ ಅಳುವುದಕ್ಕೆ ಬಂದ. ನಾನೇ ತಪ್ಪು ಹೇಳಿದ್ದು ಎಂದೆ. ಬೆಂಚಿನಿಂದ ಬೆಂಚಿಗೆ ಹೋಗಿ ಸ್ಕೇಲು ಇಟ್ಟು ಐವತ್ತೇಳು ಗೆರೆ ನಾನೇ ಎಳೆದೆ. ಪಾಠಕ್ಕೆ ಸಮಯ ಉಳಿಯಲಿಲ್ಲ.

ಜುಲೈ 16

ಫೈನೆಸ್ ಬಂದಳು. ತಾನಾಗಿ ಪುಟ ತೆಗೆದು ತೋರಿಸಿದಳು. ಅದರಲ್ಲಿ ಮಾರ್ಚ್ ತಿಂಗಳಲ್ಲೇ ಗೆರೆ ಎಳೆದಿತ್ತು.

ಆಗಸ್ಟ್ 8, ಶನಿವಾರ

ಕಚೇರಿಯ ಕಾಗದ, ಎರಡೇ ಸಾಲು. ವರ್ಗಾವಣೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಮಾದರಿ ಪಾಠದ ಯೋಜನೆಯನ್ನು ಕೈಬಿಡಲಾಗಿದೆ. ತಪ್ಪು ಸರಿ ಯಾವುದೆಂದು ಒಂದಕ್ಷರವೂ ಇಲ್ಲ.

ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಟ್ರಂಕಿನಿಂದ ಮಡಿಸಿಟ್ಟಿದ್ದ ಚಿತೆಂಜೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದೆ. ಮುಂದಿನ ವರ್ಷ ಈ ಪಾಠಕ್ಕೆ ಎರಡು ದೋಣಿ ಬೇಕು, ಕಥ್ಬರ್ಟ್ ಅಣ್ಣನಿಗೆ ಈಗಲೇ ಹೇಳಿಡಬೇಕು.

ಆಗಸ್ಟ್ 10, ಸೋಮವಾರ

ಇವತ್ತು ಗುರುತ್ವ. ಭೂಮಿ ಎಲ್ಲವನ್ನೂ ತನ್ನ ಕಡೆ ಎಳೆಯುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಫೈನೆಸ್ ಎದ್ದು ನಿಂತಳು.

"ಮೇಡಂ, ಭೂಮಿ ನನ್ನನ್ನ ಎಳೆಯುತ್ತೆ. ಹಾಗಾದ್ರೆ ಇದರ ಜೋಡಿ ಯಾವುದು? ನಾನು ಯಾರನ್ನ ಎಳೀತೀನಿ?"

ನನಗೆ ಗೊತ್ತಿತ್ತು. ಅವರೇ ಹೇಳಲಿ ಎಂದು ಸೀಮೆಸುಣ್ಣ ಕೆಳಗಿಟ್ಟು ಕಾದೆ. ಕೊನೆಗೆ ಒಬ್ಬ ಹುಡುಗ ತಮಾಷೆಗೆ "ಭೂಮೀನ" ಎಂದ. ಎಲ್ಲರೂ ನಕ್ಕರು. ಹೌದು ಎಂದೆ. ನಗು ನಿಂತಿತು.

"ಎಷ್ಟು ಜೋರಾಗಿ ಮೇಡಂ?" ಫೈನೆಸ್ ಇನ್ನೂ ನಿಂತೇ ಇದ್ದಳು.

"ಅದು ನಿನ್ನನ್ನ ಎಷ್ಟು ಎಳೆಯುತ್ತೋ ಅಷ್ಟೇ. ಒಂದು ಕೂದಲೆಳೆಯೂ ಕಮ್ಮಿ ಇಲ್ಲ."

"ಅಷ್ಟು ದೊಡ್ಡ ಭೂಮೀನ? ನಾನೊಬ್ಬಳೇ?"

"ನೀನೊಬ್ಬಳೇ."

ಅವಳು ನಿಧಾನವಾಗಿ ಕೂತಳು, ಬೆಂಚು ಮುರಿದೀತು ಎನ್ನುವ ಹಾಗೆ.

ಮನೆಗೆ ಬಂದು ನ್ಸಿಮ ತೊಳಸಿದೆ. ಒಂದೇ ತಟ್ಟೆ, ಒಂದೇ ಲೋಟ. ನಾನು ಇದ್ದರೂ ಇಲ್ಲದಿದ್ದರೂ ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡೇ ಈ ಮನೆಯಲ್ಲಿ ಮೂರು ವರ್ಷ ಉಂಡಿದ್ದೇನೆ. ಇವತ್ತು ಕುರ್ಚಿಯ ಮೇಲೆ ಸ್ವಲ್ಪ ಭಾರವಾಗಿಯೇ ಕೂತೆ.